ಹಿಂಜರಿತಕ್ಕೆ ಅಂಜದ ಉದ್ಯೋಗ ಯಾವುದು?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ ಸಿಇಟಿ ರ್‍ಯಾಂಕ್ ಪಟ್ಟಿ ಹೊರಬೀಳುವವರೆಗಿನ ಕೆಲವು ವಾರ ಅರ್ಥಶಾಸ್ತ್ರದ ಮೇಷ್ಟರಿಗೆ ಜ್ಯೋತಿಷಿಯ ಪಟ್ಟ ದೊರೆಯುತ್ತದೆ. ಮೂರು ದಶಕ ಪದವಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೂ ಆ ಪಟ್ಟ ನನ್ನನ್ನು ಬಿಟ್ಟಿಲ್ಲ. ನೆಂಟರು, ನೆರೆಯವರು, ಹಳೆಯ ವಿದ್ಯಾರ್ಥಿಗಳು (ಈಗ ಅವರೇ ಬೆಳೆದ ಮಕ್ಕಳ ತಂದೆತಾಯಿಗಳು) ಕೇಳುವ ಪ್ರಶ್ನೆ ಒಂದೇ: ‘ಸಾರ್, ಮಾರುಕಟ್ಟೆ ಬಿದ್ದರೂ ಬೀಳದ ಕೆಲಸ ಯಾವುದು ಹೇಳಿ, ಅದಕ್ಕೇ ಸೇರಿಸುತ್ತೇವೆ’.

ಪ್ರಶ್ನೆ ಹಳೆಯದು. ಉತ್ತರ ಮಾತ್ರ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತ ಬಂದಿದೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ‘ಬ್ಯಾಂಕು’ ಎಂಬುದೇ ಸಿದ್ಧ ಉತ್ತರ. ಹುಡುಗ ಬ್ಯಾಂಕಿನಲ್ಲಿದ್ದಾನೆ ಎಂದರೆ ಹೆಣ್ಣಿನ ಕಡೆಯವರು ಜಾತಕದ ದೋಷಗಳನ್ನೂ ಮನ್ನಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಕಂಪ್ಯೂಟರ್ ಆ ಸ್ಥಾನಕ್ಕೆ ಬಂತು. 2009ರಲ್ಲಿ ಸಾಫ್ಟ್‌ವೇರ್ ವರನ ಸಂಬಂಧವನ್ನು ‘ಸ್ವಲ್ಪ ದಿನ ನೋಡೋಣ’ ಎಂದು ಮುಂದೂಡಿದ ಮನೆಗಳನ್ನು ನಾನು ಬಲ್ಲೆ. 2021ರಲ್ಲಿ ಎಲ್ಲರ ಬಾಯಲ್ಲೂ ವೈದ್ಯಕೀಯ, ಫಾರ್ಮಸಿ, ನರ್ಸಿಂಗ್. ಈಗ ಕೃತಕ ಬುದ್ಧಿಮತ್ತೆ ಬಂದು ಎಲ್ಲ ಉತ್ತರಗಳ ಮೇಲೂ ಪ್ರಶ್ನಾರ್ಥಕ ಚಿಹ್ನೆ ಎಳೆದಿದೆ. ಒಟ್ಟಿನಲ್ಲಿ ನಾವು ಪ್ರತಿ ಬಾರಿಯೂ ಮಾಡುತ್ತಿರುವುದು, ಹೋದ ಸಲ ಮಳೆ ಸುರಿದ ಜಾಗಕ್ಕೆ ಹೋಗಿ ಕೊಡೆ ಬಿಚ್ಚಿ ನಿಲ್ಲುವ ಕೆಲಸ.

ಮಳೆ ಮತ್ತೆ ಅಲ್ಲೇ ಸುರಿಯಬೇಕೆಂಬ ನಿಯಮವೇನೂ ಇಲ್ಲ. ಕಳೆದ ಕಾಲು ಶತಮಾನದ ಹೊಡೆತಗಳನ್ನೇ ನೋಡಿ. ಅಮೆರಿಕದ ನಾಸ್ಡ್ಯಾಕ್ ಸೂಚ್ಯಂಕ 2000ದ ಮಾರ್ಚ್‌ನಲ್ಲಿ 5,000 ದಾಟಿದ್ದುದು 2002ರ ಅಕ್ಟೋಬರ್ ಹೊತ್ತಿಗೆ 1,100ರ ಆಸುಪಾಸಿಗೆ ಬಿತ್ತು. ಡಾಟ್‌ಕಾಂ ಗುಳ್ಳೆ ಒಡೆದಾಗ ಪೆಟ್ಟು ತಿಂದವರು ಮುಖ್ಯವಾಗಿ ಕಂಪ್ಯೂಟರ್ ಮಂದಿ. 2008ರ ಸೆಪ್ಟೆಂಬರ್ 15ರಂದು ಲೀಮನ್ ಬ್ರದರ್ಸ್ ದಿವಾಳಿಯಾದಾಗ ಬೆಂಕಿ ಬಿದ್ದದ್ದು ಹಣಕಾಸು ಮತ್ತು ಕಟ್ಟಡ ನಿರ್ಮಾಣಕ್ಕೆ. ಆ ವರ್ಷದ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ನಮ್ಮ ಸೆನ್ಸೆಕ್ಸ್ ಅಕ್ಟೋಬರ್ ಅಂತ್ಯಕ್ಕೆ 8,500ಕ್ಕೆ ಇಳಿದಿತ್ತು. ಆದರೂ ಭಾರತದ ಅರ್ಥವ್ಯವಸ್ಥೆ ಆಗ ಕುಗ್ಗಲಿಲ್ಲ, ಬೆಳವಣಿಗೆಯ ವೇಗ ತಗ್ಗಿತು ಅಷ್ಟೆ. ನಿಜವಾದ ಕುಸಿತ ನಾವು ಕಂಡದ್ದು 2020ರಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಜಿಡಿಪಿ ಸುಮಾರು ಶೇ 24ರಷ್ಟು ಕುಸಿಯಿತೆಂದು ಸರ್ಕಾರವೇ ಹೇಳಿತು. ಹೋಟೆಲು, ಪ್ರವಾಸ, ನಿರ್ಮಾಣ, ಚಿಲ್ಲರೆ ವ್ಯಾಪಾರ ನೆಲಕಚ್ಚಿದವು. ಅದೇ ಹೊತ್ತಿಗೆ, ಜಗತ್ತೆಲ್ಲ ಮನೆಯಿಂದ ಕೆಲಸ ಮಾಡತೊಡಗಿದ್ದರಿಂದ, ಸಾಫ್ಟ್‌ವೇರ್ ಕಂಪನಿಗಳಿಗೆ ಆಳು ಸಾಲದಾಯಿತು. ಕೆಲಸ ಬದಲಾಯಿಸಿದವರಿಗೆ ಸಂಬಳ ದುಪ್ಪಟ್ಟಾದ ಕಥೆಗಳನ್ನು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಕೇಳಬಹುದಿತ್ತು.

ಎರಡೇ ವರ್ಷ. 2022ರ ನವೆಂಬರ್‌ನಲ್ಲಿ ಮೆಟಾ 11 ಸಾವಿರ ಮಂದಿಯನ್ನು ಹೊರಗೆ ಕಳಿಸಿತು. 2023ರ ಜನವರಿಯೊಂದರಲ್ಲೇ ಗೂಗಲ್ 12 ಸಾವಿರ, ಮೈಕ್ರೋಸಾಫ್ಟ್ 10 ಸಾವಿರ, ಅಮೆಜಾನ್ 18 ಸಾವಿರ ಉದ್ಯೋಗಗಳ ಕಡಿತ ಪ್ರಕಟಿಸಿದವು. 2023-24ರ ಆರ್ಥಿಕ ವರ್ಷದ ಕೊನೆಗೆ ನಮ್ಮ ಟಿಸಿಎಸ್, ಇನ್ಫೊಸಿಸ್, ವಿಪ್ರೊ ಮೂರರ ಸಿಬ್ಬಂದಿ ಸಂಖ್ಯೆ ಒಟ್ಟು 63 ಸಾವಿರಕ್ಕೂ ಹೆಚ್ಚು ಕಡಿಮೆಯಾಗಿತ್ತು. ಸ್ವಾರಸ್ಯವೆಂದರೆ, ದೇಶದ ಜಿಡಿಪಿ ಶೇ 8ಕ್ಕೂ ಮೀರಿ ಬೆಳೆಯಿತೆಂದು ಲೆಕ್ಕ ಪ್ರಕಟವಾದ ವರ್ಷ ಅದು. ದೇಶಕ್ಕೆ ಸುಗ್ಗಿ, ಒಂದು ವೃತ್ತಿಗೆ ಮಾತ್ರ ಬರ. ಕಾರಣ ಸರಳ. ಆ ವೃತ್ತಿಯ ಸಂಬಳ ಬೆಂಗಳೂರಿನಲ್ಲಿ ಬಟವಾಡೆಯಾದರೂ ಹಣ ಹುಟ್ಟುವುದು ನ್ಯೂಯಾರ್ಕ್, ಲಂಡನ್ನಿನ ಕಂಪನಿಗಳ ಬಜೆಟ್ಟಿನಲ್ಲಿ. ಅಲ್ಲಿ ಬಡ್ಡಿ ದರ ಏರಿದರೆ ಇಲ್ಲಿ ಬೆಂಚಿನ ಮೇಲೆ ಕೂತವರ ಸಾಲು ಉದ್ದವಾಗುತ್ತದೆ. ಹಾಗಾಗಿ ‘ಹಿಂಜರಿತದಲ್ಲಿ ಯಾವ ವೃತ್ತಿ ಉಳಿಯುತ್ತದೆ’ ಎಂದು ಕೇಳುವ ಮೊದಲು ‘ಯಾರ ಹಿಂಜರಿತ’ ಎಂದು ಕೇಳಬೇಕು.

ಸರ್ಕಾರಿ ನೌಕರಿಯ ವಿಷಯಕ್ಕೆ ಬರೋಣ, ಏಕೆಂದರೆ ಎಲ್ಲರ ಮನಸ್ಸು ಕೊನೆಗೆ ಹೋಗಿ ನಿಲ್ಲುವುದು ಅಲ್ಲಿಯೇ. ಆ ಮನಸ್ಸಿಗೆ ಆಧಾರವೂ ಇದೆ. ಆರನೇ ವೇತನ ಆಯೋಗದ ಶಿಫಾರಸುಗಳನ್ನು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2008ರ ಆಗಸ್ಟ್‌ನಲ್ಲಿ, ಅಂದರೆ ಲೀಮನ್ ಕುಸಿಯುವುದಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ. 2006ರ ಜನವರಿ 1ರಿಂದಲೇ ಪೂರ್ವಾನ್ವಯ. ಬಾಕಿ ಹಣದಲ್ಲಿ ಶೇ 40ರಷ್ಟನ್ನು ಆ ವರ್ಷ, ಉಳಿದ ಶೇ 60ರಷ್ಟನ್ನು ಮರುವರ್ಷ ನೀಡಲಾಯಿತು. ಖಾಸಗಿ ಕಂಪನಿಗಳ ಕಾರಿಡಾರುಗಳಲ್ಲಿ ಪಿಂಕ್ ಸ್ಲಿಪ್ಪಿನ ಮಾತು ಹಬ್ಬಿದ್ದ ತಿಂಗಳುಗಳಲ್ಲೇ ಕೇಂದ್ರ ಸರ್ಕಾರದ ಗುಮಾಸ್ತರ ಖಾತೆಗೆ ಬಾಕಿ ಹಣ ಬಂದು ಬಿದ್ದಿತು. ಆ ಹಣ ಸ್ಕೂಟರು, ಟಿವಿ, ನಿವೇಶನಗಳಾಗಿ ಮಾರುಕಟ್ಟೆಗೆ ಹರಿದದ್ದರಿಂದಲೇ ನಮ್ಮಲ್ಲಿ ಬೇಡಿಕೆ ಅಷ್ಟಾಗಿ ಕುಸಿಯಲಿಲ್ಲ ಎಂದು ವಾದಿಸುವ ಅರ್ಥಶಾಸ್ತ್ರಜ್ಞರಿದ್ದಾರೆ. ನನಗೂ ಅದರಲ್ಲಿ ಸತ್ಯಾಂಶ ಕಾಣುತ್ತದೆ. 2020ರಲ್ಲಿ ಕೇಂದ್ರ ನೌಕರರ ತುಟ್ಟಿಭತ್ಯೆಯ ಮೂರು ಕಂತುಗಳನ್ನು ತಡೆಹಿಡಿಯಲಾಯಿತು ನಿಜ. ಆದರೆ ತಡೆದದ್ದು ಏರಿಕೆಯನ್ನೇ ಹೊರತು ಸಂಬಳವನ್ನಲ್ಲ. ಕೋಟ್ಯಂತರ ಮನೆಗಳಲ್ಲಿ ಸಂಬಳದ ದಿನವೇ ಅಳಿಸಿಹೋಗಿದ್ದ ವರ್ಷದಲ್ಲಿ ಇದು ಸಣ್ಣ ಭಾಗ್ಯವಲ್ಲ.

ಆದರೆ ಯಾವ ಸರ್ಕಾರಿ ಕೆಲಸ? ಕೋಲಾರದ ಚಿನ್ನದ ಗಣಿಯದೂ ಸರ್ಕಾರಿ ಕೆಲಸವೇ ಆಗಿತ್ತು. 2001ರ ಫೆಬ್ರುವರಿ 28ರಂದು ಅದು ಮುಚ್ಚಿತು. ಎಚ್‌ಎಂಟಿ ವಾಚಿನ ಘಟಕಗಳನ್ನು ಮುಚ್ಚುವ ತೀರ್ಮಾನ 2016ರ ಜನವರಿಯಲ್ಲಿ ಬಂತು. ಒಂದು ಕಾಲಕ್ಕೆ ಮದುವೆಯ ಉಡುಗೊರೆಯೆಂದರೆ ಎಚ್‌ಎಂಟಿ ಗಡಿಯಾರ, ಆ ಕಾರ್ಖಾನೆಯಲ್ಲಿ ನೌಕರಿಯೆಂದರೆ ಮದುವೆಗೇ ಅರ್ಹತೆ. ಈ ಎರಡೂ ಹಿಂಜರಿತದ ಹೊಡೆತಕ್ಕೆ ಸಿಕ್ಕು ಬಿದ್ದವಲ್ಲ. ಒಂದರ ಅದಿರು ತೀರುತ್ತ ಬಂದಿತ್ತು, ಇನ್ನೊಂದರ ಕಾಲ ತೀರಿತ್ತು. ಹಿಂಜರಿತ ಸಿಡಿಲಿನ ಹಾಗೆ, ಎಲ್ಲರಿಗೂ ಕೇಳಿಸುತ್ತದೆ. ಗೆದ್ದಲಿಗೆ ಸದ್ದಿಲ್ಲ. ಬ್ಯಾಂಕಿನ ವಿಷಯವೂ ಅಷ್ಟೆ. 2000-01ರಲ್ಲಿ ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದಾಗ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ಗಣಕೀಕರಣದ ಲೆಡ್ಜರಿನಲ್ಲಿ ಅವರಿಗೆ ಜಾಗವಿರಲಿಲ್ಲ.

ಇನ್ನು ಇಂದಿನ ಸರ್ಕಾರಿ ಕಚೇರಿಯೊಳಗೆ ಹೋಗಿ ನೋಡಿದರೆ, ಎದುರು ಕೂತವರೆಲ್ಲ ಸರ್ಕಾರಿ ನೌಕರರೆಂದು ಭಾವಿಸುವಂತಿಲ್ಲ. ಕಂಪ್ಯೂಟರ್ ಮುಂದಿರುವವರು ಹೊರಗುತ್ತಿಗೆ, ಜೀಪು ಓಡಿಸುವವರು ಗುತ್ತಿಗೆ, ಬಾಗಿಲಲ್ಲಿ ನಿಂತವರು ಏಜೆನ್ಸಿಯ ಆಳು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳನ್ನು ನಡೆಸಿಕೊಂಡು ಬಂದಿರುವ ಅತಿಥಿ ಉಪನ್ಯಾಸಕರ ಸಂಖ್ಯೆ ಹತ್ತು ಸಾವಿರದ ಮೇಲೆ. ಹದಿನೈದು, ಇಪ್ಪತ್ತು ವರ್ಷ ಮನೆಯಲ್ಲೇ ಉಳಿದ ಮೇಲೂ ಅತಿಥಿ ಎನಿಸಿಕೊಳ್ಳುವವರು ಜಗತ್ತಿನಲ್ಲಿ ಬೇರೆಲ್ಲಾದರೂ ಇದ್ದಾರೆಯೇ? ನನ್ನ ಪಕ್ಕದ ಕೊಠಡಿಯಲ್ಲಿ ನನ್ನದೇ ವಿಷಯವನ್ನು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿದ್ದವರಿಗೆ ಬೇಸಿಗೆ ರಜೆ ಬಂತೆಂದರೆ ಆತಂಕ. ನನಗೆ ಅದು ಸಂಬಳ ಸಹಿತ ರಜೆ, ಅವರಿಗೆ ಪ್ರತಿ ವರ್ಷವೂ ಎರಡು ತಿಂಗಳ ಖಾಸಗಿ ಹಿಂಜರಿತ. ಕಾಯಂ ನೌಕರರಲ್ಲೂ ರಾಜ್ಯದಲ್ಲಿ 2006ರ ಏಪ್ರಿಲ್ 1ರ ನಂತರ ಸೇರಿದವರನ್ನು ಹೊಸ ಪಿಂಚಣಿ ಪದ್ಧತಿಗೆ ಒಳಪಡಿಸಲಾಯಿತು. ಅವರ ಇಳಿಗಾಲದ ಹಣ ಷೇರು ಪೇಟೆ, ಬಾಂಡುಗಳ ಏರಿಳಿತಕ್ಕೆ ಗಂಟು ಬಿತ್ತು. ಮಾರುಕಟ್ಟೆಗೆ ಹೆದರಿ ಸರ್ಕಾರಿ ಕೆಲಸ ಹಿಡಿದವರ ಮನೆಗೆ ಮಾರುಕಟ್ಟೆ ಹಿತ್ತಿಲ ಬಾಗಿಲಿನಿಂದ ಬಂತು.

ಎರಡನೆಯ ಪ್ರಸಿದ್ಧ ಉತ್ತರ ಆಸ್ಪತ್ರೆ. ಅಮೆರಿಕದಲ್ಲಿ 2007ರ ಡಿಸೆಂಬರ್‌ನಿಂದ 2009ರ ಜೂನ್‌ವರೆಗೆ ನಡೆದ ಹಿಂಜರಿತದಲ್ಲಿ ನಿರುದ್ಯೋಗ ಏರುತ್ತ ಹೋಗಿ 2009ರ ಅಕ್ಟೋಬರ್‌ನಲ್ಲಿ ಶೇ 10 ತಲುಪಿತು. ಕಟ್ಟಡ, ಕಾರ್ಖಾನೆ, ಬ್ಯಾಂಕು ಎಲ್ಲೆಡೆ ಉದ್ಯೋಗ ಕರಗುತ್ತಿದ್ದಾಗ ಆರೋಗ್ಯ ಕ್ಷೇತ್ರದಲ್ಲಿ ಮಾತ್ರ ಅದು ಹೆಚ್ಚುತ್ತಲೇ ಇತ್ತು. ಹೃದಯಾಘಾತ ಷೇರು ಸೂಚ್ಯಂಕ ನೋಡಿಕೊಂಡು ಬರುವುದಿಲ್ಲ. ಬಂದಾಗ ಖರ್ಚನ್ನು ಬಹುಪಾಲು ಭರಿಸುವುದು ವಿಮೆ ಅಥವಾ ಸರ್ಕಾರ. ನಮ್ಮ ಕರಾವಳಿಯವರು ಈ ಪಾಠವನ್ನು ಅಂಕಿಅಂಶ ಓದದೆಯೇ ಕಲಿತರು. 2009ರ ನವೆಂಬರ್‌ನಲ್ಲಿ ದುಬೈ ವರ್ಲ್ಡ್ ಸಂಸ್ಥೆ ಸಾಲ ತೀರಿಸಲು ಕಾಲಾವಕಾಶ ಕೇಳುವ ಹೊತ್ತಿಗೆ ಅಲ್ಲಿ ಅರ್ಧಕ್ಕೆ ನಿಂತ ಕಟ್ಟಡಗಳಿಂದ ಎಷ್ಟೋ ಸೂಪರ್‌ವೈಸರುಗಳು, ಡ್ರಾಫ್ಟ್ಸ್‌ಮನ್ನರು, ಎಲೆಕ್ಟ್ರಿಷಿಯನ್ನರು ಊರಿಗೆ ಮರಳಿದ್ದರು. ಉಡುಪಿ ಕಡೆಯ ನನ್ನ ಪರಿಚಯದ ಮನೆಯೊಂದರಲ್ಲಿ ಸಿವಿಲ್ ಎಂಜಿನಿಯರ್ ಆದ ಅಣ್ಣ ಆ ವರ್ಷ ವಾಪಸಾದರು. ಬಿ.ಎಸ್‌ಸಿ. ನರ್ಸಿಂಗ್ ಓದಿ ಕೊಲ್ಲಿಗೆ ಹೋಗಿದ್ದ ತಂಗಿ ಅಲ್ಲೇ ಉಳಿದು, ಅಣ್ಣ ಕಟ್ಟಿಸತೊಡಗಿದ್ದ ತಾರಸಿ ಮನೆಯನ್ನು ಪೂರ್ತಿಗೊಳಿಸಿದರು. ಮಗಳನ್ನು ನರ್ಸಿಂಗಿಗೆ ಸೇರಿಸುವಾಗ ‘ಬೇರೆ ಏನೂ ಸಿಗಲಿಲ್ಲವೇ’ ಎಂದು ಕೇಳಿದ್ದ ಬಂಧುಗಳೇ ಗೃಹಪ್ರವೇಶಕ್ಕೆ ಬಂದು ಉಂಡು ಹೋದರು.

ಆದರೆ 2020 ಈ ನಂಬಿಕೆಯನ್ನೂ ಅಲುಗಾಡಿಸಿತು. ಆ ವರ್ಷದ ಏಪ್ರಿಲ್ ತಿಂಗಳೊಂದರಲ್ಲೇ ಅಮೆರಿಕದ ಆರೋಗ್ಯ ಕ್ಷೇತ್ರದಲ್ಲಿ ಸುಮಾರು 14 ಲಕ್ಷ ಉದ್ಯೋಗಗಳು ಹೋದವು. ಅವುಗಳಲ್ಲಿ ಸುಮಾರು 5 ಲಕ್ಷ ದಂತ ಚಿಕಿತ್ಸಾಲಯಗಳವು. ಜಗತ್ತು ವೈದ್ಯರಿಗಾಗಿ ಹಂಬಲಿಸುತ್ತಿದ್ದ ದಿನಗಳಲ್ಲಿ ವೈದ್ಯಕೀಯ ಸಿಬ್ಬಂದಿಯೇ ಮನೆಗೆ ಹೋದರೆಂಬುದು ವಿಪರ್ಯಾಸವೆನಿಸಬಹುದು. ಆದದ್ದಿಷ್ಟೆ. ತೀವ್ರ ನಿಗಾ ಘಟಕದಲ್ಲಿ ಬಿಡುವಿಲ್ಲ, ಹಲ್ಲು ಕಟ್ಟಿಸುವವರು, ಮಂಡಿ ಚಿಕಿತ್ಸೆಗೆ ದಿನ ಗೊತ್ತು ಮಾಡಿಕೊಂಡವರು ಬರಲಿಲ್ಲ. ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಲ್ಲೂ ಹೊರರೋಗಿಗಳ ಸಾಲು ಕರಗಿ ಸಂಬಳ ಕಡಿತದ ಮಾತು ಬಂತು. ಒಂದೇ ಕಟ್ಟಡ, ಒಂದೇ ಬಿಳಿ ಕೋಟು. ಒಬ್ಬರ ಸೇವೆಯನ್ನು ಮುಂದೂಡಬಹುದು, ಇನ್ನೊಬ್ಬರದನ್ನು ಮುಂದೂಡುವಂತಿಲ್ಲ. ನನ್ನ ಮಟ್ಟಿಗೆ ಯಾವುದೇ ವೃತ್ತಿಯನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಮಾನದಂಡ ಬೇರಿಲ್ಲ: ನಿಮ್ಮ ಗಿರಾಕಿ ನಿಮ್ಮನ್ನು ಎಷ್ಟು ದಿನ ಮುಂದೂಡಬಲ್ಲ?

ಈ ಮಾನದಂಡವನ್ನು ಶಿಕ್ಷಕ ವೃತ್ತಿಗೆ ಹಿಡಿದು ನೋಡಿದಾಗ ನನಗೆ ನೋವಾಗುತ್ತದೆ. ಮಕ್ಕಳ ಓದನ್ನು ಯಾರೂ ಮುಂದೂಡುವುದಿಲ್ಲ ಎಂಬ ಭರವಸೆಯಲ್ಲಿ ಎಷ್ಟೋ ಹೆಣ್ಣುಮಕ್ಕಳು ಬಿ.ಇಡಿ. ಮಾಡಿದರು. 2020ರಲ್ಲಿ ಶಾಲೆಗಳು ಮುಚ್ಚಿದವು, ಪೋಷಕರು ಶುಲ್ಕ ಮುಂದೂಡಿದರು, ಖಾಸಗಿ ಅನುದಾನರಹಿತ ಶಾಲೆಗಳು ಶಿಕ್ಷಕರ ಸಂಬಳವನ್ನು ಅರ್ಧ, ಕಾಲು ಮಾಡಿ ಕೊನೆಗೆ ನಿಲ್ಲಿಸಿದವು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಇಂಥ ಶಿಕ್ಷಕರಿಗೆ ತಲಾ 5 ಸಾವಿರ ರೂಪಾಯಿ ಪರಿಹಾರ ಪ್ರಕಟಿಸಿತು. ಒಂದೂವರೆ ವರ್ಷದ ಬವಣೆಗೆ ಒಂದು ಬಾರಿಯ 5 ಸಾವಿರ! ತರಕಾರಿ ಮಾರಿದ, ನರೇಗಾ ಕೂಲಿಗೆ ಹೋದ ಪದವೀಧರ ಶಿಕ್ಷಕರ ಸುದ್ದಿಗಳು ಆಗ ಪತ್ರಿಕೆಗಳಲ್ಲಿ ಬಂದವು. ಅದೇ ಬೀದಿಯ ಸರ್ಕಾರಿ ಶಾಲೆಯ ಶಿಕ್ಷಕರಿಗೆ ತಿಂಗಳ ಸಂಬಳ ತಪ್ಪಲಿಲ್ಲ. ವೃತ್ತಿ ಒಂದೇ, ಪದವಿ ಒಂದೇ, ಪಠ್ಯಪುಸ್ತಕವೂ ಹೆಚ್ಚುಕಡಿಮೆ ಒಂದೇ. ನೇಮಕಾತಿ ಆದೇಶದ ಕೆಳಗಿನ ಮೊಹರು ಮಾತ್ರ ಬೇರೆ.

ಸಂಕಟದಲ್ಲೇ ಬೆಳೆಯುವ ವೃತ್ತಿಗಳೂ ಉಂಟು. ಲೆಕ್ಕ ಪರಿಶೋಧಕರಿಗೆ ಕಂಪನಿ ಲಾಭ ಮಾಡಲಿ, ನಷ್ಟ ಮಾಡಲಿ ಕೆಲಸವಿದ್ದೇ ಇದೆ, ಏಕೆಂದರೆ ಲೆಕ್ಕ ಒಪ್ಪಿಸಬೇಕೆಂದು ಕಾನೂನೇ ಹೇಳುತ್ತದೆ. 2017ರ ಜುಲೈನಲ್ಲಿ ಬಂದ ಜಿಎಸ್‌ಟಿ ಸಣ್ಣ ಊರಿನ ತೆರಿಗೆ ಸಲಹೆಗಾರರನ್ನೂ ರಾತ್ರಿ ಹನ್ನೊಂದರವರೆಗೆ ಕೂರಿಸಿತು. ವಕೀಲರಿಗೆ ಚೆಕ್ ಬೌನ್ಸ್ ಪ್ರಕರಣಗಳು ಹೆಚ್ಚುವುದೇ ಹಣ ಬಿಗಿಯಾದಾಗ. 2016ರ ದಿವಾಳಿ ಸಂಹಿತೆಯಂತೂ ‘ದಿವಾಳಿ ವೃತ್ತಿಪರರು’ ಎಂಬ ಹೊಸ ವರ್ಗವನ್ನೇ ಹುಟ್ಟುಹಾಕಿತು. ಮುಳುಗುವ ಕಂಪನಿ ಹೆಚ್ಚಿದಷ್ಟೂ ಅವರಿಗೆ ಕೆಲಸ ಎಂದು ಎಲ್ಲರೂ ಭಾವಿಸಿದ್ದರು. ಆದರೆ ಸ್ವಾತಂತ್ರ್ಯಾನಂತರದ ಅತಿ ದೊಡ್ಡ ಕುಸಿತ ಬಂದಾಗ ಸರ್ಕಾರ 2020ರ ಮಾರ್ಚ್ 25ರಿಂದ ಒಂದು ವರ್ಷ ಕಾಲ ಉಂಟಾದ ಹೊಸ ಸುಸ್ತಿಗಳ ಮೇಲೆ ದಿವಾಳಿ ಅರ್ಜಿ ಹಾಕುವುದನ್ನೇ ನಿರ್ಬಂಧಿಸಿತು. ಬರಗಾಲಕ್ಕೆಂದೇ ಬಿತ್ತಿದ ಬೆಳೆ ಬರಗಾಲದಲ್ಲಿ ಕೈಗೆ ಬರಲಿಲ್ಲ.

ಮಧ್ಯಮ ವರ್ಗದ ನಾವು ಗಣನೆಗೇ ತೆಗೆದುಕೊಳ್ಳದ ಕಸುಬುಗಳಿವೆ. ಹೊಸ ಬೈಕು ಕೊಳ್ಳುವ ಆಲೋಚನೆ ಬಿಟ್ಟವನು ಹಳೆಯದನ್ನು ಮೆಕ್ಯಾನಿಕ್ ಬಳಿ ಒಯ್ಯುತ್ತಾನೆ. ಹೊಸ ಫ್ರಿಜ್ ಮುಂದೂಡಿದವರ ಮನೆಗೆ ಗ್ಯಾಸ್ ತುಂಬುವವನು ಬರುತ್ತಾನೆ. ಕೊಳ್ಳುವುದು ನಿಂತಾಗ ದುರಸ್ತಿ ಶುರುವಾಗುತ್ತದೆ. ಹಾಲಿನದಂತೂ ಬೇರೆಯೇ ಲೆಕ್ಕ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲು, ಕಲ್ಯಾಣ ಮಂಟಪಗಳು ಮುಚ್ಚಿ ಬೇಡಿಕೆ ಕುಸಿದಾಗ ಕರ್ನಾಟಕ ಹಾಲು ಮಹಾಮಂಡಳದ ಸೊಸೈಟಿಗಳು ರೈತರಿಂದ ಹಾಲು ಕೊಳ್ಳುವುದನ್ನು ನಿಲ್ಲಿಸಲಿಲ್ಲ. ಮಿಕ್ಕ ಹಾಲಿನಲ್ಲಿ ಒಂದಷ್ಟನ್ನು ರಾಜ್ಯ ಸರ್ಕಾರ ನಗರದ ಬಡವರಿಗೆ ಉಚಿತವಾಗಿ ಹಂಚಿತು. ಎರಡು ಹಸು ಕಟ್ಟಿದ ಮಂಡ್ಯದ ಹೆಂಗಸಿನ ಕೈಗೆ ಬಟವಾಡೆ ಬಂದೇ ಬಂತು. ಇದನ್ನು ‘ಕೆರಿಯರ್’ ಎಂದು ಯಾವ ಸಲಹೆಗಾರರೂ ಕರೆಯಲಾರರು. ಮೊತ್ತ ಚಿಕ್ಕದು, ದುಡಿಮೆ ದೊಡ್ಡದು.

ಕೃಷಿಯ ಬಗ್ಗೆ ಮಾತ್ರ ಎಚ್ಚರದಿಂದ ಮಾತನಾಡಬೇಕು. 2020-21ರಲ್ಲಿ ಉಳಿದ ಕ್ಷೇತ್ರಗಳು ಕುಗ್ಗಿದಾಗ ಕೃಷಿ ಶೇ 3ಕ್ಕಿಂತ ಹೆಚ್ಚು ಬೆಳೆಯಿತು. ಅದನ್ನೇ ಹಿಡಿದು ‘ಮಣ್ಣೇ ಶಾಶ್ವತ’ ಎಂದು ಭಾಷಣ ಮಾಡಿದವರಿದ್ದಾರೆ. ಕೇಂದ್ರದ ಕಾರ್ಮಿಕ ಸಮೀಕ್ಷೆಯ ಪ್ರಕಾರ ದೇಶದ ದುಡಿಯುವ ಜನರಲ್ಲಿ ಕೃಷಿಯಲ್ಲಿದ್ದವರ ಪಾಲು 2018-19ರಲ್ಲಿ ಶೇ 42.5 ಇದ್ದದ್ದು 2020-21ರಲ್ಲಿ ಶೇ 46.5ಕ್ಕೆ ಏರಿತು. ಹಳ್ಳಿಗೆ ಮರಳಿದವರೆಲ್ಲ ಮಣ್ಣಿನ ಮೋಹಕ್ಕೆ ಮರಳಿದವರಲ್ಲ. ಬಾಡಿಗೆ ಕಟ್ಟಲಾಗದೆ ಮರಳಿದವರು. ನಾಲ್ಕು ಜನ ಮಾಡುತ್ತಿದ್ದ ಹೊಲದಲ್ಲಿ ಆರು ಜನ ಇಳಿದರೆ ಅದು ಉದ್ಯೋಗ ಸೃಷ್ಟಿಯಲ್ಲ, ಅನ್ನವನ್ನು ಆರು ಪಾಲು ಮಾಡಿದ್ದು. ಅದೇ ವರ್ಷ ಉದ್ಯೋಗ ಖಾತರಿ ಯೋಜನೆಯಲ್ಲಿ ದೇಶದಾದ್ಯಂತ ಸುಮಾರು 389 ಕೋಟಿ ಮಾನವ ದಿನಗಳ ಕೂಲಿ ದಾಖಲಾಯಿತು. ಅದು ಯೋಜನೆ ಆರಂಭವಾದಂದಿನಿಂದ ಕಂಡಿರದ ಸಂಖ್ಯೆ.

ಇನ್ನೊಂದು ಮಾತು. ಯಾವ ಕೋರ್ಸು ಎಂಬುದಕ್ಕಿಂತ ಯಾವ ವರ್ಷ ಕಾಲೇಜಿನಿಂದ ಹೊರಬಿದ್ದೆವೆಂಬುದು ಮುಖ್ಯವಾಗಿಬಿಡುವುದುಂಟು. ಇದು ನನ್ನ ಕಲ್ಪನೆಯಲ್ಲ. ಕೆನಡಾದ ಪದವೀಧರರ ದಾಖಲೆಗಳನ್ನು ಬೆನ್ನುಹತ್ತಿ ಒರಿಯೊಪೌಲೋಸ್, ವಾನ್ ವಾಕ್ಟರ್, ಹೈಸ್ ಎಂಬ ಮೂವರು ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹಿಂಜರಿತದ ವರ್ಷ ಪದವಿ ಪಡೆದವರ ಆರಂಭದ ಗಳಿಕೆ ಸುಮಾರು ಶೇ 9ರಷ್ಟು ಕಡಿಮೆ. ಆ ಕೊರತೆ ತುಂಬಲು ಸುಮಾರು ಹತ್ತು ವರ್ಷ ಬೇಕಾಯಿತು. ಚೇತರಿಸಿಕೊಂಡವರು ಬಹುಪಾಲು ಸಿಕ್ಕಿದ ಸಣ್ಣ ಕೆಲಸ ಹಿಡಿದು, ಕಾಲ ಸುಧಾರಿಸಿದಂತೆ ಒಳ್ಳೆಯ ಸಂಸ್ಥೆಗೆ ಜಿಗಿದವರು. ನಮ್ಮಲ್ಲಿ 2009ರಲ್ಲೂ, 2022ರ ನಂತರವೂ ನೇಮಕಾತಿ ಪತ್ರ ಕೈಯಲ್ಲಿ ಹಿಡಿದು ಕರೆಗಾಗಿ ತಿಂಗಳುಗಟ್ಟಲೆ ಕಾದ ಹುಡುಗರನ್ನು ಕಂಡಿದ್ದೇನೆ. ‘ದೊಡ್ಡ ಕಂಪನಿ ಕರೆದೇ ಕರೆಯುತ್ತೆ, ಅಲ್ಲಿ ಇಲ್ಲಿ ಸೇರಿ ಹೆಸರು ಕೆಡಿಸಿಕೊಳ್ಳಬೇಡ’ ಎಂದು ಹೆತ್ತವರೇ ಹೇಳಿ ಕೂರಿಸಿದ್ದರು. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಹನ್ನೆರಡು ಸಾವಿರಕ್ಕೆ ಸೇರಿದವನು ಕಾದು ಕುಳಿತವನಿಗಿಂತ ಮುಂದೆ ಹೋದದ್ದನ್ನೂ ಕಂಡಿದ್ದೇನೆ.

ಆದರೆ ಇಪ್ಪತ್ತೆರಡರ ಹುಡುಗ ಜಿಗಿದಷ್ಟು ಸಲೀಸಾಗಿ ನಲವತ್ತೈದರ ಗೃಹಸ್ಥ ಜಿಗಿಯಲಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಬಹುಕಾಲದ ನೌಕರಿ ಕಳೆದುಕೊಂಡ ಕಾರ್ಮಿಕರ ಮೇಲೆ 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಐದಾರು ವರ್ಷಗಳ ಬಳಿಕವೂ ಅವರ ಗಳಿಕೆ ಸುಮಾರು ಶೇ 25ರಷ್ಟು ಕೆಳಗೇ ಇತ್ತು. ಒಂದೇ ಕಡೆ ಹದಿನೈದು ವರ್ಷ ದುಡಿದು ಕಲಿತದ್ದರಲ್ಲಿ ಬಹುಪಾಲು ಆ ಒಂದು ಸಂಸ್ಥೆಗಷ್ಟೇ ಬೇಕಾದದ್ದು. ಹೊರಗೆ ಅದಕ್ಕೆ ಬೆಲೆ ಕಟ್ಟುವವರಿಲ್ಲ. ಇಂದು ಬೆಂಗಳೂರಿನಲ್ಲಿ ನನಗೆ ನಿಜವಾಗಿ ಕಳವಳ ಹುಟ್ಟಿಸುವುದು ಹೊಸ ಪದವೀಧರರ ಸ್ಥಿತಿಯಲ್ಲ, ಈ ನಲವತ್ತರ ಆಸುಪಾಸಿನವರದು. ಫ್ಲ್ಯಾಟಿನ ಸಾಲದ ಕಂತು ಇನ್ನೂ ಹನ್ನೆರಡು ವರ್ಷ, ಇಬ್ಬರು ಮಕ್ಕಳ ಶಾಲಾ ಶುಲ್ಕ, ಊರಲ್ಲಿ ವಯಸ್ಸಾದ ಅಪ್ಪ ಅಮ್ಮ. ಹತ್ತು ಜನರ ಮೇಲ್ವಿಚಾರಣೆ ಮಾಡುವುದೇ ವೃತ್ತಿಯಾಗಿ, ಸ್ವತಃ ಕೋಡ್ ಬರೆದು ದಶಕವಾಗಿರುತ್ತದೆ.

ಕೆಲಸ ಉಳಿಯುವುದು ಬೇರೆ, ಕೆಲಸಗಾರ ಉಳಿಯುವುದು ಬೇರೆ. ಪೌರಕಾರ್ಮಿಕರ ಉದಾಹರಣೆ ಕಣ್ಣ ಮುಂದೆಯೇ ಇದೆ. ಬೆಂಗಳೂರಿನ ಬೀದಿ ಗುಡಿಸುವುದು 2001ರಲ್ಲೂ ನಿಲ್ಲಲಿಲ್ಲ, 2008ರಲ್ಲೂ ನಿಲ್ಲಲಿಲ್ಲ, ಊರಿಗೆ ಊರೇ ಬಾಗಿಲು ಹಾಕಿಕೊಂಡ 2020ರಲ್ಲೂ ನಿಲ್ಲಲಿಲ್ಲ. ಹಿಂಜರಿತ ತಟ್ಟದ ಉದ್ಯೋಗ ಬೇಕೆಂದವರಿಗೆ ಇದಕ್ಕಿಂತ ಉತ್ತಮ ನಿದರ್ಶನ ಸಿಗದು! ಆದರೆ ಆ ಹೆಂಗಸರು ದಶಕಗಳ ಕಾಲ ಗುತ್ತಿಗೆದಾರನ ದಯೆಯಲ್ಲಿದ್ದರು, ತಿಂಗಳುಗಟ್ಟಲೆ ಸಂಬಳಕ್ಕೆ ಕಾದರು. ಬಿಬಿಎಂಪಿಯ 12 ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಆದೇಶ ಸಿಕ್ಕಿದ್ದು 2025ರ ಮೇ ತಿಂಗಳಲ್ಲಿ, ಅದೂ ವರ್ಷಗಳ ಹೋರಾಟದ ಬಳಿಕ. ಅಂದಮೇಲೆ ಮಕ್ಕಳ ಭವಿಷ್ಯ ಚರ್ಚಿಸುವಾಗ ನಾವು ಕೇಳುವ ‘ಬೀಳದ ಕೆಲಸ’ದ ಅರ್ಥವೇನು? ಗೌರವವಿರಬೇಕು, ಒಳ್ಳೆಯ ಸಂಬಳವಿರಬೇಕು, ಜೊತೆಗೆ ಅಪಾಯವೂ ಇರಬಾರದು. ಇವು ಮೂರೂ ಒಂದೆಡೆ ಸೇರಿದ ಕುರ್ಚಿಗಳು ಈ ದೇಶದಲ್ಲಿ ಎಷ್ಟಿವೆ? ಒಂದು ಕೆ.ಎ.ಎಸ್. ಹುದ್ದೆಗೆ ಎಷ್ಟು ಅರ್ಜಿಗಳು ಬೀಳುತ್ತವೆ ನೋಡಿದರೆ ಸಾಕು.

ಸಂಬಳ ಹೆಚ್ಚಿರುವ ಕಡೆ ಅಪಾಯವೂ ಹೆಚ್ಚಿರುವುದು ಸಹಜ. ಸಹಜವಲ್ಲದ್ದು, ಬಿದ್ದವರಿಗೆ ಕೆಳಗೆ ಬಲೆಯೇ ಇಲ್ಲದಿರುವುದು. ಅಮೆರಿಕ 1935ರಷ್ಟು ಹಿಂದೆಯೇ, ಮಹಾ ಕುಸಿತದ ನಡುವೆ, ನಿರುದ್ಯೋಗ ವಿಮೆಯನ್ನು ಕಾನೂನಾಗಿಸಿತು. ಸಾಮಾನ್ಯವಾಗಿ 26 ವಾರ ಸಿಗುತ್ತಿದ್ದ ಭತ್ಯೆಯನ್ನು 2008ರ ನಂತರದ ಕಷ್ಟಕಾಲದಲ್ಲಿ ಕೆಲವು ರಾಜ್ಯಗಳಲ್ಲಿ 99 ವಾರಗಳವರೆಗೆ ವಿಸ್ತರಿಸಲಾಗಿತ್ತು. ಅದೇ ದೇಶದಲ್ಲಿ ಎಚ್-1ಬಿ ವೀಸಾದ ಮೇಲಿರುವ ನಮ್ಮ ಹುಡುಗರ ಕಥೆ ಬೇರೆ. ಕೆಲಸ ಹೋದರೆ ಇನ್ನೊಂದು ಹುಡುಕಿಕೊಳ್ಳಲು ಅವರಿಗೆ ಇರುವುದು ಗರಿಷ್ಠ 60 ದಿನ. 2023ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದಾಗ ದಿನಗಳನ್ನು ಎಣಿಸಿಯೇ ಮಾತಾಡಿದಳು: ‘ಸಾರ್, ಇನ್ನು 37 ದಿನ ಇದೆ’.

ನಮ್ಮಲ್ಲಿ ಇರುವ ಏರ್ಪಾಡು ಇಎಸ್‌ಐ ಅಡಿಯದು. 2018ರಲ್ಲಿ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬ ಹೆಸರಿನಲ್ಲಿ, ಕೆಲಸ ಕಳೆದುಕೊಂಡ ವಿಮಾದಾರರಿಗೆ ಗರಿಷ್ಠ 90 ದಿನ ಸರಾಸರಿ ವೇತನದ ಕಾಲು ಭಾಗ ಕೊಡುವ ವ್ಯವಸ್ಥೆ ಬಂತು. 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಲಾಯಿತು. ಆದರೆ 2017ರಲ್ಲಿ ನಿಗದಿಯಾದ ಇಎಸ್‌ಐ ವೇತನ ಮಿತಿ ತಿಂಗಳಿಗೆ 21 ಸಾವಿರ ರೂಪಾಯಿ. ಗಾರ್ಮೆಂಟ್ಸ್ ಕಾರ್ಮಿಕರಿಗೆ ಅದು ಅನ್ವಯಿಸೀತು. ಶಾಲಾ ಶಿಕ್ಷಕರಲ್ಲಿ ಕೆಲವರಿಗೆ, ಎಂಜಿನಿಯರುಗಳಲ್ಲಿ ಬಹುಪಾಲು ಮಂದಿಗೆ ಇಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ವಜಾಗೊಂಡ ಕಾರ್ಮಿಕರಿಗೆ ಮರು ಕೌಶಲ ನಿಧಿಯಿಂದ 15 ದಿನಗಳ ವೇತನ ಕೊಡಿಸುವ ಅವಕಾಶವಿದೆ. ಹದಿನೈದು ದಿನದಲ್ಲಿ ಯಾವ ಹೊಸ ಕೌಶಲ ಕಲಿಯುತ್ತಾರೋ ತಿಳಿಯದು. ಇಷ್ಟಾಗಿಯೂ, ಕಂಪನಿಗಳಲ್ಲಿ ನಡೆಯುವುದನ್ನು ‘ವಜಾ’ ಎಂದು ದಾಖಲೆಯಲ್ಲಿ ಯಾರೂ ಬರೆಯುವುದಿಲ್ಲ. ಮಾನವ ಸಂಪನ್ಮೂಲ ವಿಭಾಗದ ಕೊಠಡಿಗೆ ಕರೆದು, ಮೊದಲೇ ಟೈಪು ಮಾಡಿಟ್ಟ ರಾಜೀನಾಮೆ ಪತ್ರವನ್ನು ಮುಂದಿಡುತ್ತಾರೆ. ‘ಸಹಿ ಹಾಕಿದರೆ ಎರಡು ತಿಂಗಳ ಸಂಬಳ, ಒಳ್ಳೆಯ ಅನುಭವ ಪತ್ರ, ಇಲ್ಲದಿದ್ದರೆ ನಿಮ್ಮಿಷ್ಟ’ ಎನ್ನುತ್ತಾರೆ. ಹೀಗೆ ಸಹಿ ಹಾಕಿ ಬಂದ ಮೂವರು ನನ್ನ ಬಡಾವಣೆಯಲ್ಲೇ ಇದ್ದಾರೆ. ಸರ್ಕಾರದ ಲೆಕ್ಕದಲ್ಲಿ ಅವರು ಕೆಲಸ ಕಳೆದುಕೊಂಡವರಲ್ಲ, ಸ್ವಇಚ್ಛೆಯಿಂದ ಬಿಟ್ಟವರು. ಒಬ್ಬರು ಮನೆಯಲ್ಲಿ ಹೇಳಿಲ್ಲ. ಬೆಳಿಗ್ಗೆ ಎಂಟೂವರೆಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಮೆಟ್ರೊ ಹತ್ತುತ್ತಾರೆ.